ಭೀಮಾ ತೀರದ ಬೆಳಕಿಗೆ ಯಾವ ಕ್ಯಾಮೆರಾ?

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರಿಗೆ ಊರೇ ಹೊಲದ ದಾರಿ ಹಿಡಿಯುತ್ತದೆ. ಸಜ್ಜೆ ರೊಟ್ಟಿ, ಕಡಬು, ಭಜ್ಜಿಯ ಬುಟ್ಟಿ ಹೊತ್ತು ಹೋದ ಮನೆಮಂದಿ ಚರಗ ಚೆಲ್ಲಿ, ಬನ್ನಿಯದೋ ಬೇವಿನದೋ ನೆರಳಲ್ಲಿ ಸಾಲಾಗಿ ಉಣ್ಣಲು ಕೂರುತ್ತಾರೆ. ಆ ಒಂದು ದಿನ ಈ ಸೀಮೆಯಲ್ಲಿ ತೆಗೆಯುವ ಫೋಟೊಗಳಿಗೆ ಲೆಕ್ಕವೇ ಇಲ್ಲ. ಹೆಚ್ಚುಕಡಿಮೆ ಎಲ್ಲವೂ ಮೊಬೈಲಿನವು, ಬಿಸಿಲಿದ್ದಷ್ಟು ಹೊತ್ತು ಎಲ್ಲವೂ ಚೆನ್ನಾಗಿಯೇ ಬರುತ್ತವೆ. ಹೊತ್ತು ಇಳಿದು ಎತ್ತುಗಳು ಊರಿಗೆ ತಿರುಗಿದಾಗ, ಜೋಳದ ತೆನೆಯ ಮೇಲೆ ಕುಳಿತ ಹಕ್ಕಿಯನ್ನು ಹತ್ತಿರಕ್ಕೆ ಎಳೆದಾಗ, ಅಥವಾ ಅದೇ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಾಗ ಮೊಬೈಲಿನ ಮಿತಿ ಕಣ್ಣಿಗೆ ಬೀಳುತ್ತದೆ. ತೊಗರಿ ರಾಶಿಯ ದುಡ್ಡು ಕೈಗೆ ಬರುವ ಹೊತ್ತಿಗೆ ಮನೆಯ ಹುಡುಗನೋ ಹುಡುಗಿಯೋ ‘ಒಂದು ಕ್ಯಾಮೆರಾ ತಗೊಳ್ಳೋಣ’ ಎಂದು ಮಾತು ತೆಗೆಯುವುದು ಹೀಗೆ.

ಮಾತು ತೆಗೆದ ಮೇಲೆ ಸಲಹೆಗಳಿಗೆ ಬರವಿಲ್ಲ. ಲಗ್ನದ ಫೋಟೊ ತೆಗೆಯುವ ಪರಿಚಯದವರು ತಾವು ಬಳಸುವ ದೊಡ್ಡ ಕ್ಯಾಮೆರಾದ ಹೆಸರು ಹೇಳುತ್ತಾರೆ. ಅಂಗಡಿಯವರು ಎರಡು ಲೆನ್ಸ್, ಬ್ಯಾಗು, ಸ್ಟ್ಯಾಂಡು ಸೇರಿದ ಸೆಟ್ ತೋರಿಸುತ್ತಾರೆ. ಯೂಟ್ಯೂಬಿನವರು ಹೋದ ವಾರ ಬಿಡುಗಡೆಯಾದದ್ದನ್ನು ಹೊಗಳುತ್ತಾರೆ. ಮೂವರೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಆದರೆ ಕೊಳ್ಳುವವರು ಯಾವ ಚಿತ್ರ ತೆಗೆಯಲಿದ್ದಾರೆ ಎಂಬುದನ್ನು ಮೂವರಲ್ಲಿ ಒಬ್ಬರೂ ಕೇಳಿರುವುದಿಲ್ಲ. ಕ್ಯಾಮೆರಾ ಆಯ್ಕೆ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದಲೇ.

ಕರ್ನಾಟಕದ ಹೆಸರಾಂತ ಹವ್ಯಾಸಿಗಳನ್ನು ನೋಡಿದರೂ ಇದು ಕಾಣುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಬಿಡುವಿನಲ್ಲಿ ಅವರು ಕಾಡು ಹೊಕ್ಕು ಆನೆ, ಕಾಟಿ, ಮುಸುವಗಳನ್ನು ಕಪ್ಪು–ಬಿಳುಪಿನಲ್ಲಿ ಸೆರೆಹಿಡಿದರು. 1983ರಲ್ಲಿ ಅವರ ವನ್ಯಜೀವಿ ಚಿತ್ರಗಳ ಪುಸ್ತಕ ಹೊರಬಂತು. ಅದೇ ವರ್ಷ ಮಾಸ್ಟರ್ ಫೋಟೊಗ್ರಾಫರ್ ಎಂಬ ಅಂತರರಾಷ್ಟ್ರೀಯ ಗೌರವವೂ ಸಂದಿತು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಬಿದ್ದರು. ಇಬ್ಬರಿಗೂ ಬೇರೆ ಕಸುಬಿತ್ತು, ಇಬ್ಬರಿಗೂ ವಿಷಯ ಖಚಿತವಿತ್ತು. ವಿಷಯ ಖಚಿತವಾದರೆ ಯಾವ ಲೆನ್ಸ್ ಬೇಕೆಂಬುದು ತಾನಾಗಿ ತಿಳಿಯುತ್ತದೆ, ಲೆನ್ಸ್ ತಿಳಿದರೆ ಕ್ಯಾಮೆರಾದ ಬಾಡಿಯ ಆಯ್ಕೆ ಅರ್ಧ ಮುಗಿದಂತೆ.

ಮೊಬೈಲ್ ಸಾಕಾಗುವುದು ಯಾರಿಗೆ?

ಹೊಲ, ಮನೆ, ಗೆಳೆಯರು, ಹಗಲು ಹೊತ್ತಿನ ಪ್ರವಾಸ, ಅವನ್ನು ವಾಟ್ಸ್‌ಆ್ಯಪಿನಲ್ಲಿ ಹಂಚುವುದು – ಇಷ್ಟೇ ಬೇಕಿದ್ದವರು ಕ್ಯಾಮೆರಾಕ್ಕೆ ದುಡ್ಡು ಸುರಿಯಬೇಕಿಲ್ಲ. ಇತ್ತೀಚಿನ ಒಳ್ಳೆಯ ಮೊಬೈಲ್ ಒಂದೇ ಕ್ಷಣದಲ್ಲಿ ಹಲವು ಚಿತ್ರ ತೆಗೆದು, ಬೆಸೆದು, ನೆರಳನ್ನೂ ಬಿಳಿ ಆಕಾಶವನ್ನೂ ಸರಿದೂಗಿಸಿ ಕೊಡುತ್ತದೆ. ಅದೇ ದೃಶ್ಯವನ್ನು ಕ್ಯಾಮೆರಾದಲ್ಲಿ ತೆಗೆದ ಹೊಸಬರಿಗೆ ಮೊದಲ ದಿನ ನಿರಾಸೆಯೇ ಆಗಬಹುದು. ಕ್ಯಾಮೆರಾ ತೆಗೆಯುವವರ ಮಾತು ಕೇಳುತ್ತದೆ, ಆದರೆ ಅವರು ಮಾತಾಡಲು ಕಲಿತಿರಬೇಕು. ಕಲಿಯುವ ಆಸೆ ಇದ್ದವರಿಗೆ ಮಾತ್ರ ಈ ಖರ್ಚು ಸಾರ್ಥಕ.

ವ್ಯತ್ಯಾಸದ ಮೂಲ ಸೆನ್ಸರಿನ ಅಳತೆಯಲ್ಲಿದೆ. ದುಬಾರಿ ಮೊಬೈಲುಗಳ ಮುಖ್ಯ ಸೆನ್ಸರ್ ಸುಮಾರು 10 ಮಿ.ಮೀ. ಅಗಲ, 7 ಮಿ.ಮೀ. ಎತ್ತರ ಇರುತ್ತದೆ. ಹವ್ಯಾಸಿಗಳ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸೆನ್ಸರ್ 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ; ಕ್ಯಾನನ್‌ನಲ್ಲಿ ತುಸು ಚಿಕ್ಕದು. ವಿಸ್ತೀರ್ಣದಲ್ಲಿ ಇದು ಮೊಬೈಲಿನದಕ್ಕಿಂತ ಐದು ಪಟ್ಟು ದೊಡ್ಡದು. ಫುಲ್ ಫ್ರೇಮ್ ಎಂದರೆ ಹಳೆಯ ರೀಲಿನ ಅಳತೆಯೇ: 36 ಮಿ.ಮೀ.ಗೆ 24 ಮಿ.ಮೀ. ಸೆನ್ಸರ್ ದೊಡ್ಡದಾದಷ್ಟೂ ಬೀಳುವ ಬೆಳಕು ಹೆಚ್ಚು, ಸಂಜೆಯ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕಡಿಮೆ.

ಮೆಗಾಪಿಕ್ಸೆಲ್ಲಿನ ಸಂಖ್ಯೆಗೆ ಮರುಳಾಗುವ ಅಗತ್ಯವಿಲ್ಲ. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾಕ್ಕೆ ಇದ್ದದ್ದು 2.7 ಮೆಗಾಪಿಕ್ಸೆಲ್. ಪತ್ರಿಕಾ ಛಾಯಾಗ್ರಾಹಕರು ಅದರಲ್ಲೇ ಸುದ್ದಿಚಿತ್ರ ತೆಗೆದು ಮುಖಪುಟಕ್ಕೆ ಕೊಟ್ಟರು. ಇವತ್ತು ಅಗ್ಗದ ಕ್ಯಾಮೆರಾಕ್ಕೂ 24 ಮೆಗಾಪಿಕ್ಸೆಲ್ ಇದೆ, ಅಂದರೆ 6000 ಬಿಂದು ಅಗಲ, 4000 ಬಿಂದು ಎತ್ತರ. ಇಂಚಿಗೆ 300 ಬಿಂದುವಿನಂತೆ ಪ್ರಿಂಟ್ ಹಾಕಿಸಿದರೂ 20 ಇಂಚು ಅಗಲದ ಚಿತ್ರ ಸಿಗುತ್ತದೆ. ನಡುಮನೆಯ ಗೋಡೆಗೆ ಅದಕ್ಕಿಂತ ದೊಡ್ಡದು ಹಾಕುವವರು ಅಪರೂಪ. 20 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಬೇಡ, 24ರದ್ದೇ ಬೇಕು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ನೆತ್ತಿಯ ಸೂರ್ಯ ಮತ್ತು ವ್ಯೂಫೈಂಡರ್

ಈ ಮೂರು ತಾಲ್ಲೂಕುಗಳು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಗಾಗಿ ವರ್ಷಕ್ಕೆರಡು ಸಲ, ಮೇ ಎರಡನೇ ವಾರದ ಹೊತ್ತಿಗೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಮಳೆಗಾಲದ ಮೋಡ ಆಗಸ್ಟಿನದನ್ನು ಮರೆಸುತ್ತದೆ, ಮೇ ತಿಂಗಳಿನದಕ್ಕೆ ಮರೆಯೇ ಇಲ್ಲ. ಆ ಬೆಳಕಿನಲ್ಲಿ ಹುಬ್ಬಿನ ಕೆಳಗೆ ಕಣ್ಣು ಕಪ್ಪಾಗುತ್ತದೆ, ಬಿಳಿ ಧೋತರ ಸುಟ್ಟಂತೆ ಬೆಳ್ಳಗಾಗುತ್ತದೆ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಏನೂ ಕಾಣದೆ ತಮ್ಮದೇ ಮುಖದ ನೆರಳು ಕಾಣುತ್ತದೆ.

ಇಲ್ಲಿನ ಕೊಳ್ಳುವವರು ಮೊದಲು ನೋಡಬೇಕಾದದ್ದು ಕಣ್ಣಿಗಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಇದೆಯೇ ಎಂಬುದನ್ನು. ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಎರಡೂ ಒಳ್ಳೆಯ ಕ್ಯಾಮೆರಾಗಳು, ಎರಡಕ್ಕೂ ಎಪಿಎಸ್-ಸಿ ಸೆನ್ಸರ್ ಇದೆ. ಆದರೆ ಅವು ವಿಡಿಯೊ ಮಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಎರಡಕ್ಕೂ ವ್ಯೂಫೈಂಡರ್ ಇಲ್ಲ. ಬೆಂಗಳೂರಿನ ಒಂದು ಕೋಣೆಯಲ್ಲಿ ಕುಳಿತು ವಿಡಿಯೊ ಮಾಡುವವರಿಗೆ ಅದು ಕೊರತೆಯೇ ಅಲ್ಲ. ಜೇವರ್ಗಿಯ ಎರೆಹೊಲದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ನಿಂತವರಿಗೆ ಅದು ದೊಡ್ಡ ಕೊರತೆ.

ಡಿಎಸ್‌ಎಲ್‌ಆರ್ ತಗೊಳ್ಳಬೇಕೋ ಮಿರರ್‌ಲೆಸ್ಸೋ ಎಂಬ ಪ್ರಶ್ನೆಗೆ ಈಗ ಉತ್ತರ ಸುಲಭವಾಗಿದೆ. ಒಳಗೆ ಕನ್ನಡಿ ಇಟ್ಟು ಲೆನ್ಸಿನ ನೋಟವನ್ನೇ ಕಣ್ಣಿಗೆ ತೋರಿಸುವುದು ಡಿಎಸ್‌ಎಲ್‌ಆರ್. ಕನ್ನಡಿ ತೆಗೆದು, ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆಯಲ್ಲಿ ತೋರಿಸುವುದು ಮಿರರ್‌ಲೆಸ್. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿ ತರುವುದನ್ನೇ ಬಿಟ್ಟಂತಿವೆ. ನಿಕಾನ್ ಡಿ3500, ಡಿ5600ರಂಥ ಜನಪ್ರಿಯ ಮಾದರಿಗಳ ಮಾರಾಟ 2022ರ ಹೊತ್ತಿಗೆ ನಿಂತಿತು. ಹೊಸದಾಗಿ ಕೊಳ್ಳುವವರಿಗೆ ಮಿರರ್‌ಲೆಸ್ಸೇ ದಾರಿ. ಹಳೆಯದನ್ನು ಕಡಿಮೆ ದುಡ್ಡಿಗೆ ಕೊಳ್ಳುವವರಿಗೆ ಡಿಎಸ್‌ಎಲ್‌ಆರ್ ಈಗಲೂ ಬಂಗಾರದಂಥ ಅವಕಾಶ.

ಮಿರರ್‌ಲೆಸ್ಸಿನ ಒಂದು ಅನುಕೂಲ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಬಟನ್ ಒತ್ತುವ ಮುಂಚೆಯೇ ಚಿತ್ರ ಎಷ್ಟು ಬೆಳಗಾಗಿ ಬರುತ್ತದೆಂದು ಕಿಂಡಿಯಲ್ಲೇ ಕಾಣುತ್ತದೆ. ಬಿಳಿ ಧೋತರ ಸುಡುತ್ತಿದ್ದರೆ ಅಲ್ಲೇ ಒಂದು ಚಕ್ರ ತಿರುಗಿಸಿ ತಗ್ಗಿಸಬಹುದು. ಇನ್ನೊಂದು ಅನುಕೂಲ, ಮುಖ ಮತ್ತು ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಫೋಕಸ್. 2023ರಲ್ಲಿ ಬಂದ ಕ್ಯಾನನ್ ಆರ್50 ಮನುಷ್ಯರ ಕಣ್ಣಷ್ಟೇ ಅಲ್ಲ, ಹಕ್ಕಿ, ನಾಯಿಗಳ ಕಣ್ಣನ್ನೂ ಗುರುತಿಸುತ್ತದೆ. ಬ್ಯಾಟರಿ, ಕಾರ್ಡು ಸೇರಿ ತೂಕ 375 ಗ್ರಾಂ. ಅದೇ ವರ್ಷ ಬಂದ ಆರ್100 ಇನ್ನೂ ಅಗ್ಗ. ಆದರೆ ಅದರ ಪರದೆ ಮುಟ್ಟಿದರೆ ಸ್ಪಂದಿಸುವುದಿಲ್ಲ, ಆಚೀಚೆ ತಿರುಗುವುದೂ ಇಲ್ಲ. ಮೊಬೈಲಿನಲ್ಲಿ ಬೆರಳಿಟ್ಟು ಫೋಕಸ್ ಮಾಡಿ ರೂಢಿಯಾದವರಿಗೆ ಇದು ದಿನಾ ಕಾಡುತ್ತದೆ. 2024ರ ಕೊನೆಗೆ ಬಂದ ನಿಕಾನ್ ಝಡ್50ರ ಎರಡನೇ ಆವೃತ್ತಿಗೆ ಕೈಗೆ ಕೂರುವ ಹಿಡಿ, ಹೆಚ್ಚು ಬೆಳಕಿನ ವ್ಯೂಫೈಂಡರ್ ಎರಡೂ ಇವೆ.

ಬೆಲೆಗಳು ಹಬ್ಬದ ರಿಯಾಯಿತಿಯ ಜೊತೆ ಏರಿಳಿಯುತ್ತವೆ. ಅಂದಾಜಿಗೆ ಹೇಳುವುದಾದರೆ ಜೊತೆಗೆ ಬರುವ ಕಿಟ್ ಲೆನ್ಸ್ ಸೇರಿ ಆರ್100 ಐವತ್ತು ಸಾವಿರದ ಆಸುಪಾಸು, ಆರ್50 ಅರವತ್ತರಿಂದ ಎಪ್ಪತ್ತು ಸಾವಿರ, ಝಡ್50ರ ಹೊಸ ಆವೃತ್ತಿ ಲಕ್ಷದ ಸಮೀಪ. ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು, 2019ರ ಜನವರಿ 1ರಿಂದ ಶೇ 18ಕ್ಕೆ ಇಳಿಯಿತು. ಬಿಲ್ ಇಲ್ಲದೆ ಆ ತೆರಿಗೆಯನ್ನು ಉಳಿಸಿಕೊಡುತ್ತೇವೆ ಎನ್ನುವವರು ವಾರಂಟಿಯನ್ನೂ ಅದರ ಜೊತೆಗೇ ಕಳೆದುಬಿಡುತ್ತಾರೆ. ಆ ಆಸೆಗೆ ಬೀಳಬಾರದು.

ಗಾಣಗಾಪುರದ ಸಂಜೆ, ಕೊರಳ್ಳಿಯ ನೀರುಹಕ್ಕಿ

ಹಣ ಹಂಚುವಾಗ ಹೊಸಬರು ಎಡವುವುದು ಒಂದೇ ಕಡೆ. ಇರುವ ದುಡ್ಡನ್ನೆಲ್ಲ ಕ್ಯಾಮೆರಾದ ಬಾಡಿಗೆ ಹಾಕಿ, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಹದಿನೈದು ವರ್ಷ ಬಾಳುತ್ತದೆ. ಎಂಬತ್ತು ಸಾವಿರ ಇದ್ದರೆ ಐವತ್ತೈದು–ಅರವತ್ತು ಸಾವಿರದೊಳಗೆ ಕ್ಯಾಮೆರಾ ಮುಗಿಸಿ, ಉಳಿದದ್ದನ್ನು ಎರಡನೇ ಲೆನ್ಸಿಗೆ ಎತ್ತಿಡುವುದು ಜಾಣತನ. ಅದು ಯಾವ ಲೆನ್ಸ್ ಎಂಬುದಕ್ಕೆ ಈ ಸೀಮೆಯ ದೃಶ್ಯಗಳನ್ನೇ ಒಂದೊಂದಾಗಿ ನೋಡಬಹುದು.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತ ಜಯಂತಿಯ ಹೊತ್ತಿಗೆ ಜನಸಾಗರ ಸೇರುತ್ತದೆ. ಮಾರ್ಗಶಿರ ಹುಣ್ಣಿಮೆಯ ಆ ದಿನಗಳಲ್ಲಿ ಹಗಲು ಚಿಕ್ಕದು, ಪಲ್ಲಕ್ಕಿ ಹೊರಡುವಾಗ ಆಕಾಶದ ಬೆಳಕು ಮುಗಿದು ದೀಪದ ಬೆಳಕೊಂದೇ ಉಳಿದಿರುತ್ತದೆ. 18ರಿಂದ 55 ಮಿ.ಮೀ.ವರೆಗಿನ ಕಿಟ್ ಲೆನ್ಸಿನ ಬಾಯಿ ಝೂಮ್ ಮಾಡಿದಂತೆ ಎಫ್ 5.6ಕ್ಕೆ ಕಿರಿದಾಗುತ್ತದೆ. ಎಫ್ 1.8ರ ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 1/25ರಷ್ಟು ಹೊತ್ತು ಶಟರ್ ತೆರೆದು, ನಡೆಯುವ ಪಲ್ಲಕ್ಕಿ ಮಂಜುಮಂಜಾಗಿ ಬರುವ ಕಡೆ, 1.8ರ ಲೆನ್ಸಿನಲ್ಲಿ 1/250ರಲ್ಲಿ ತೆಗೆಯಬಹುದು. ಆ ವೇಗದಲ್ಲಿ ಹೊತ್ತವರ ಹೆಗಲೂ ಹಣೆಯ ಬೆವರೂ ನಿಚ್ಚಳವಾಗಿ ನಿಲ್ಲುತ್ತವೆ. 50 ಮಿ.ಮೀ. ಎಫ್ 1.8 ಲೆನ್ಸ್ ಹಲವು ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದರ ನೋಟ ಫುಲ್ ಫ್ರೇಮಿನ 75ರಿಂದ 80 ಮಿ.ಮೀ.ಗೆ ಸಮ. ಮುಖಚಿತ್ರಕ್ಕೆ ಚೆಂದ, ಇಕ್ಕಟ್ಟಿನ ಓಣಿಗೆ ಬಿಗಿ. ಗುಂಪಿನ ನಡುವೆ ನಿಂತು ತೆಗೆಯುವವರಿಗೆ 35 ಮಿ.ಮೀ. ಅಥವಾ ಇನ್ನೂ ಅಗಲದ್ದೇ ಅನುಕೂಲ.

ಜಾತ್ರೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ ಇರುತ್ತದೆ, ಆರತಿಯ ಹೊತ್ತಿನಲ್ಲಿ ಯಾರಿಗೂ ತೊಂದರೆಯಾಗದೆ ತೆಗೆಯಲು ಅದು ಅನುಕೂಲ ಅನ್ನಿಸುತ್ತದೆ. ಆದರೆ ಘತ್ತರಗಿ ಭಾಗ್ಯವಂತಿಯ ಜಾತ್ರೆಯಿರಲಿ, ಜೇವರ್ಗಿಯ ಮಹಾಲಕ್ಷ್ಮಿ ಜಾತ್ರೆಯಿರಲಿ, ಈಗ ಎಲ್ಲ ಅಂಗಡಿಗಳಲ್ಲೂ ಎಲ್‌ಇಡಿ ದೀಪ. ನಮ್ಮ ಕರೆಂಟಿನ ಲಯಕ್ಕೆ ಅವು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ, ಎಲೆಕ್ಟ್ರಾನಿಕ್ ಶಟರಿನಲ್ಲಿ ಮಾತ್ರ ಚಿತ್ರದ ತುಂಬ ಅಡ್ಡ ಪಟ್ಟೆಗಳಾಗಿ ಮೂಡುತ್ತದೆ. ಅಲ್ಲಿ ಮಾಮೂಲಿ ಮೆಕ್ಯಾನಿಕಲ್ ಶಟರಿಗೆ ಮರಳಿ, 1/50 ಅಥವಾ 1/100ರ ವೇಗ ಇಟ್ಟರೆ ಪಟ್ಟೆ ಮಾಯ. ಕೊಳ್ಳುವ ಮುನ್ನ ಅಂಗಡಿಯ ಎಲ್‌ಇಡಿ ದೀಪದ ಕೆಳಗೇ ಇದನ್ನು ಪರೀಕ್ಷಿಸಿ ನೋಡಬಹುದು. ಗರ್ಭಗುಡಿಯ ಒಳಗೆ, ದರ್ಗಾದ ಒಳಗೆ ತೆಗೆಯುವ ಮುನ್ನ ಅಲ್ಲಿನವರನ್ನು ಕೇಳಲೇಬೇಕು. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಹಕ್ಕಿಗಳ ವಿಷಯ ಬೇರೆ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಜಲಾಶಯವಿದೆ, ಅಫಜಲಪುರದ ಕಡೆ ಭೀಮಾ ನದಿಗೆ ಸೊನ್ನ ಬ್ಯಾರೇಜ್ ಇದೆ. ಹಿನ್ನೀರಿನ ಅಂಚಿನಲ್ಲಿ ಕೂತ ಹಕ್ಕಿ ಮನುಷ್ಯರನ್ನು ಹತ್ತಿರ ಬಿಡುವುದಿಲ್ಲ, 55 ಮಿ.ಮೀ.ನಲ್ಲಿ ಅದು ಚುಕ್ಕೆಯಾಗಿ ಕಾಣುತ್ತದೆ. ಇಲ್ಲಿ ಮೂರು ದಾರಿಗಳಿವೆ. ಕಿಟ್ಟಿನ ಜೊತೆ ಬರುವ 55–210 ಅಥವಾ 55–250 ಮಿ.ಮೀ. ಲೆನ್ಸ್ ಅಗ್ಗ, ಹಗುರ. ನವಿಲು, ಕೊಕ್ಕರೆಯಂಥ ದೊಡ್ಡ ಹಕ್ಕಿಗೆ ಸಾಕು, ಗುಬ್ಬಿ ಗಾತ್ರದ್ದಕ್ಕೆ ಸಾಲದು. ಕ್ಯಾನನ್ ಆರ್‌ಎಫ್ 100–400 ಮಿ.ಮೀ. ಲೆನ್ಸ್ 635 ಗ್ರಾಂ ತೂಗುತ್ತದೆ. ಎಪಿಎಸ್-ಸಿ ಬಾಡಿಗೆ ಹಾಕಿದರೆ 640 ಮಿ.ಮೀ.ವರೆಗಿನ ನೋಟ ಕೊಡುತ್ತದೆ. ಆದರೆ ತುದಿಯಲ್ಲಿ ಬಾಯಿ ಎಫ್ 8ರಷ್ಟು ಕಿರಿದು, ಬೆಳಕು ಏರಿದ ಮೇಲಷ್ಟೇ ಅದರ ಕೆಲಸ.

ಮೂರನೆಯದು ಲೆನ್ಸ್ ಬದಲಿಸದ ದೊಡ್ಡ ಝೂಮ್ ಕ್ಯಾಮೆರಾ. 2020ರಲ್ಲಿ ಬಂದ ನಿಕಾನ್ ಪಿ950 ಇದಕ್ಕೆ ಹೆಸರುವಾಸಿ: 24ರಿಂದ 2000 ಮಿ.ಮೀ.ವರೆಗೆ, 83 ಪಟ್ಟು ಝೂಮ್. ಚಂದ್ರನ ಕುಳಿಗಳೂ ಎಣಿಸುವಷ್ಟು ಹತ್ತಿರ ಬರುತ್ತವೆ. ಆದರೆ ಅದರ ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು, ಒಳ್ಳೆಯ ಮೊಬೈಲಿನದಕ್ಕಿಂತಲೂ ಸಣ್ಣದು. ನಿಚ್ಚಳ ಬೆಳಕಿನಲ್ಲಿ ಯಾವ ಹಕ್ಕಿ ಎಂದು ಗುರುತಿಸಲು, ದಾಖಲೆಗೆ ಇಟ್ಟುಕೊಳ್ಳಲು ಇಷ್ಟು ದುಡ್ಡಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಸಂಜೆಗೆ, ಹಾರುವ ಹಕ್ಕಿಗೆ, ದೊಡ್ಡ ಪ್ರಿಂಟಿಗೆ ಇದು ಹೇಳಿ ಮಾಡಿಸಿದ್ದಲ್ಲ. ಹಕ್ಕಿಯನ್ನು ಹಾರುವಾಗಲೇ ಹಿಡಿಯಬೇಕೆಂದರೆ ಶಟರ್ ವೇಗ 1/2000 ಬೇಕು, ಅಷ್ಟು ವೇಗಕ್ಕೆ ದೊಡ್ಡ ಸೆನ್ಸರೇ ಆಧಾರ.

ಇನ್ನು ಹಳೆಯ ಕಲ್ಲುಕೆತ್ತನೆಗಳ ವಿಷಯ. ಭೀಮೆಯ ಆಚೆ ದಡದ ಸನ್ನತಿ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದಾದರೂ ಜೇವರ್ಗಿಯವರಿಗೆ ನೆರೆಯೇ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಹೊರಬಂತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂದು ಬರೆದ ಅಶೋಕನ ಉಬ್ಬುಚಿತ್ರವೇ ಸಿಕ್ಕಿತು. ಇಂಥ ಸುಣ್ಣಕಲ್ಲಿನ ಉಬ್ಬುಕೆತ್ತನೆಗೆ ದುಬಾರಿ ಕ್ಯಾಮೆರಾ ಬೇಡ, ಕಿಟ್ ಲೆನ್ಸೇ ಸಾಕು. ಬೇಕಾದದ್ದು ಓರೆ ಬೆಳಕು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಬೆಳಕು ಕಲ್ಲಿನ ಮೈ ಸವರಿಕೊಂಡು ಬರುವಾಗ ಪ್ರತಿ ಗೆರೆಗೂ ನೆರಳು ಮೂಡುತ್ತದೆ. ನಡುಹಗಲಿನಲ್ಲಿ ಅದೇ ಕೆತ್ತನೆ ಸಪಾಟಾಗಿ ಕಾಣುತ್ತದೆ. ಪುರಾತತ್ವ ಇಲಾಖೆಯ ಸಂರಕ್ಷಿತ ತಾಣಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಸ್ಮಾರಕಗಳನ್ನೇ ನೆಚ್ಚಿಕೊಂಡವರು ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆಯೇ ಎಂದು ನೋಡಿ ಕೊಳ್ಳಲಿ. ಕ್ಯಾನನ್ ಲೆನ್ಸಿನ ಮೇಲೆ ‘ಐಎಸ್’, ನಿಕಾನ್ ಲೆನ್ಸಿನ ಮೇಲೆ ‘ವಿಆರ್’ ಎಂದು ಅದನ್ನು ಬರೆದಿರುತ್ತಾರೆ.

ದೂಳು, ಬಿಸಿಲು, ಭಂಡಾರ

ಮಲೆನಾಡಿನ ಛಾಯಾಗ್ರಾಹಕರಿಗೆ ಲೆನ್ಸಿನೊಳಗೆ ಬೂಸ್ಟು ಹಿಡಿಯುವ ಚಿಂತೆ. ಇಲ್ಲಿನ ಒಣಹವೆಯಲ್ಲಿ ಆ ಕಾಟ ಕಡಿಮೆ, ಬದಲಿಗೆ ದೂಳಿನದು. ತೊಗರಿ ರಾಶಿಯ ಯಂತ್ರದ ಮುಂದೆ ಏಳುವ ಹೊಟ್ಟು, ಬೇಸಿಗೆಯಲ್ಲಿ ಎರೆಮಣ್ಣಿನ ದಾರಿಯ ಸಣ್ಣ ಪುಡಿ, ಜಾತ್ರೆಯಲ್ಲಿ ತೂರುವ ಭಂಡಾರ, ಕುಸ್ತಿ ಕಣದ ಕೆಮ್ಮಣ್ಣು – ಇವುಗಳಲ್ಲಿ ಯಾವುದೊಂದು ಸೆನ್ಸರಿನ ಮೇಲೆ ಕೂತರೂ ಆಕಾಶದ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಆರಂಭಿಕರ ಬೆಲೆಯ ಕ್ಯಾಮೆರಾಗಳಿಗೆ ದೂಳು–ಮಳೆ ತಡೆಯುವ ಪೂರ್ಣ ರಕ್ಷಣೆ ಇರುವುದಿಲ್ಲ.

ಲೆನ್ಸ್ ಬದಲಿಸುವ ಕ್ರಮವನ್ನು ಮೊದಲ ದಿನವೇ ಕೈಗೆ ರೂಢಿ ಮಾಡಿಸಬೇಕು. ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಬಾಡಿಯ ಬಾಯಿ ನೆಲದ ಕಡೆ ಇರುವಂತೆ ಹಿಡಿದು ಲೆನ್ಸ್ ತೆಗೆಯಬೇಕು. ಹಾಕಬೇಕಾದ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲಿಸಿ ಸಿದ್ಧವಿರಬೇಕು. ರಬ್ಬರಿನ ಬ್ಲೋವರ್ ಚೀಲದಲ್ಲಿರಲಿ. ಬಾಯಿಂದ ಊದಿದರೆ ಎಂಜಲಿನ ಹನಿ ಸೆನ್ಸರಿಗೆ ಅಂಟುತ್ತದೆ. ಜಾತ್ರೆಯ ನಡುವೆ, ರಾಶಿಯ ಕಣದಲ್ಲಿ ಲೆನ್ಸ್ ಬದಲಿಸುವುದೇ ಬೇಡ. ಹೊರಡುವಾಗ ಹಾಕಿದ್ದು ಮನೆಗೆ ಬಂದ ಮೇಲೆಯೇ ತೆಗೆಯಲಿ. ಇಂಥ ಜಾಗಗಳಿಗೇ ಹೆಚ್ಚು ಹೋಗುವವರಿಗೆ ಎರಡು ಲೆನ್ಸುಗಳಿಗಿಂತ 18ರಿಂದ 140 ಅಥವಾ 150 ಮಿ.ಮೀ.ವರೆಗೆ ಒಂದೇ ಲೆನ್ಸಿನಲ್ಲಿ ಸಿಗುವ ಕಿಟ್ ಮೇಲು. ಚಿತ್ರದ ಚೂಪು ತುಸು ಕಡಿಮೆಯಾದರೂ ಸೆನ್ಸರ್ ಉಳಿಯುತ್ತದೆ.

ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಸಬಹುದಾದ ಉಷ್ಣಾಂಶದ ಮಿತಿ 40 ಡಿಗ್ರಿ ಎಂದಿರುತ್ತದೆ. ಕಲಬುರಗಿ ಜಿಲ್ಲೆಯ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಆ ಗೆರೆಯನ್ನು ದಾಟಿಯೇ ಇರುತ್ತದೆ. ಫೋಟೊಗೆ ಅಷ್ಟರಿಂದ ತೊಂದರೆಯಾಗುವುದು ಕಡಿಮೆ, ಉದ್ದನೆಯ ವಿಡಿಯೊ ಮಾಡಿದರೆ ಚಿಕ್ಕ ಮಿರರ್‌ಲೆಸ್ ಕಾದು ತಾನೇ ಬಂದ್ ಆಗಬಹುದು. ಬೈಕಿನ ಟ್ಯಾಂಕ್ ಮೇಲಿನ ಚೀಲದಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಕ್ಯಾಮೆರಾ ಬಿಡಬಾರದು. ಒಂದು ಬಿಳಿ ಟವೆಲ್ ಮುಚ್ಚಿ ನೆರಳಲ್ಲಿಟ್ಟರೂ ಸಾಕಷ್ಟು ವ್ಯತ್ಯಾಸವಾಗುತ್ತದೆ.

ಬ್ಯಾಟರಿಯ ಲೆಕ್ಕವೂ ಇಲ್ಲಿಗೆ ಮುಖ್ಯ. ಹಳೆಯ ನಿಕಾನ್ ಡಿ3500 ಒಂದು ಚಾರ್ಜಿಗೆ 1550 ಚಿತ್ರ ಕೊಡುತ್ತದೆಂದು ಕಂಪನಿಯೇ ಹೇಳುತ್ತಿತ್ತು. ಚಿಕ್ಕ ಮಿರರ್‌ಲೆಸ್ಸುಗಳು ಇನ್ನೂರೈವತ್ತರಿಂದ ನಾನೂರರೊಳಗೆ ಕೈಯೆತ್ತುತ್ತವೆ. ಜಾತ್ರೆಗೆ, ದಿನವಿಡೀ ಹೊಲದ ತಿರುಗಾಟಕ್ಕೆ ಎರಡನೇ ಬ್ಯಾಟರಿ ಬೇಕೇಬೇಕು. ಕ್ಯಾಮೆರಾ ಕೊಳ್ಳುವ ದಿನದ ಬಜೆಟ್ಟಿನಲ್ಲೇ ಅದಕ್ಕೆ ಜಾಗವಿರಲಿ. ಮೆಮೊರಿ ಕಾರ್ಡಿನಲ್ಲಿ ‘ವಿ30’ ಗುರುತು ಇದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ವೇಗ ಎಂದರ್ಥ, ಹವ್ಯಾಸಿಗೆ ಅಷ್ಟು ಸಾಕು. 64 ಜಿಬಿ ಕಾರ್ಡಿನಲ್ಲಿ ಎರಡು ಸಾವಿರದ ಆಸುಪಾಸು ರಾ ಚಿತ್ರಗಳು (ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸುವ ಫೈಲುಗಳು) ಹಿಡಿಯುತ್ತವೆ. ತೀರಾ ಅಗ್ಗಕ್ಕೆ ಸಿಗುವ ಕಾರ್ಡುಗಳಲ್ಲಿ ನಕಲಿಗಳು ಬಹಳ. ಕೊಂಡ ದಿನವೇ ಪೂರ್ತಿ ತುಂಬಿಸಿ, ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಬಣ್ಣ ಬಯಲಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ

ಇಪ್ಪತ್ತೈದು–ಮೂವತ್ತು ಸಾವಿರವಷ್ಟೇ ಇರುವ ಕಾಲೇಜು ವಿದ್ಯಾರ್ಥಿಗೆ ಹೊಸ ಕ್ಯಾಮೆರಾದ ಕನಸು ಬೇಕಿಲ್ಲ, ನಾಲ್ಕೈದು ವರ್ಷ ಹಳೆಯ ಡಿಎಸ್‌ಎಲ್‌ಆರ್ ಸಾಕು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿರಲಿ, ತಾಲ್ಲೂಕು ಪದವಿ ಕಾಲೇಜಿನವರಿರಲಿ, ಫೋಟೊ ಕಲಿಯಲು ಬೇಕಾದ ಎಲ್ಲ ಚಕ್ರಗಳೂ ಬಟನ್‌ಗಳೂ ಅದರಲ್ಲಿವೆ. ಕ್ಯಾನನ್ 200ಡಿಯ ಎರಡನೇ ಆವೃತ್ತಿ, ನಿಕಾನ್ ಡಿ5600, ಡಿ3500ಗಳಂಥವು ಲಗ್ನದ ಸ್ಟುಡಿಯೊಗಳು ಹೊಸದಕ್ಕೆ ಹೋದಾಗ ಮಾರಾಟಕ್ಕೆ ಬರುತ್ತವೆ. ಕಲಬುರಗಿ ದಾಟಿದರೆ ಒಂದು ಕಡೆ ಹೈದರಾಬಾದಿನ ಕೋಟಿ, ಇನ್ನೊಂದು ಕಡೆ ಸೊಲ್ಲಾಪುರದ ಮಾರುಕಟ್ಟೆ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರವೇ ಹತ್ತಿರ.

ಹಳೆಯದನ್ನು ನೋಡುವಾಗ ಅವಸರ ಬೇಡ. ಮೊದಲು ಲೆನ್ಸ್ ಬಿಚ್ಚಿ ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ಜೇಡನ ಎಳೆಯಂಥ ಬಿಳಿ ಗೆರೆಗಳು ಕಂಡರೆ ಅದು ಬೂಸ್ಟು. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸಿನಲ್ಲಿ ಇದರ ಸಂಭವ ಹೆಚ್ಚು. ನಾಲ್ಕಾರು ದೂಳಿನ ಕಣ ಇದ್ದರೆ ಚಿಂತೆಯಿಲ್ಲ. ಆಮೇಲೆ ಅಪರ್ಚರನ್ನು, ಅಂದರೆ ಲೆನ್ಸಿನ ಬಾಯಿಯನ್ನು, ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಬಯಲು ಆಕಾಶವನ್ನೋ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ಮೂಲೆಮೂಲೆ ನೋಡಬೇಕು. ಕಪ್ಪು ಚುಕ್ಕೆಗಳು ಒಂದೇ ಕಡೆ ಉಳಿದರೆ ಸೆನ್ಸರಿನ ಮೇಲೆ ದೂಳು, ಅದು ಸ್ವಚ್ಛ ಮಾಡಿಸಿದರೆ ಹೋಗುತ್ತದೆ. ಗೀರು ಇದ್ದರೆ ಕೈಬಿಡುವುದೇ ಸರಿ.

ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ಕೇಳಬೇಕು. ನಿಕಾನ್ ಚಿತ್ರದ ಫೈಲಿನಲ್ಲೇ ಆ ಸಂಖ್ಯೆ ಅಡಗಿರುತ್ತದೆ, ತೆಗೆದ ಒಂದು ಜೆಪಿಜಿ ಫೈಲನ್ನು, ಚಿತ್ರದ ಜೊತೆ ಉಳಿಯುವ ಎಕ್ಸಿಫ್ ಮಾಹಿತಿ ಓದುವ ಆ್ಯಪಿನಲ್ಲಿ ತೆರೆದರೆ ಸಿಗುತ್ತದೆ. ಕ್ಯಾನನ್‌ನಲ್ಲಿ ಹೀಗೆ ಸುಲಭಕ್ಕೆ ಸಿಗದು, ಬೇರೆ ತಂತ್ರಾಂಶ ಬೇಕು. ಆರಂಭಿಕರ ಕ್ಯಾಮೆರಾಗಳ ಶಟರಿಗೆ ಒಂದು ಲಕ್ಷದ ಆಸುಪಾಸು ಆಯಸ್ಸು ಎಂದು ಲೆಕ್ಕ ಹಾಕುತ್ತಾರೆ. ನಾಲ್ಕಾರು ಸೀಜನ್ ಲಗ್ನ ಮಾಡಿದ ಕ್ಯಾಮೆರಾ ಅದನ್ನು ದಾಟಿರುವುದೂ ಉಂಟು. ಫ್ಲ್ಯಾಶ್ ಕೂರಿಸುವ ಜಾಗದ ಬಣ್ಣ ಪೂರ್ತಿ ಹೋಗಿದ್ದರೆ, ಹಿಡಿಯ ರಬ್ಬರ್ ಎದ್ದಿದ್ದರೆ, ತಳದ ಸ್ಕ್ರೂಗಳ ತಲೆ ಸವೆದಿದ್ದರೆ ಆ ಕ್ಯಾಮೆರಾ ಬಹಳ ದುಡಿದಿದೆ, ಬಿಚ್ಚಿಯೂ ಇದ್ದಾರೆ ಎಂದು ತಿಳಿಯಬೇಕು.

ಹಳೆಯ ನಿಕಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಿ3500, ಡಿ5600 ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ‘ಎಎಫ್-ಡಿ’ ಎಂದು ಬರೆದ ಹಳೆಯ ಲೆನ್ಸುಗಳು ಅಗ್ಗಕ್ಕೆ ಸಿಕ್ಕರೂ ಇವುಗಳಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ, ಪ್ರತಿ ಸಲ ಕೈಯಿಂದಲೇ ತಿರುಗಿಸಬೇಕು. ‘ಎಎಫ್-ಎಸ್’ ಎಂದಿದ್ದರೆ ತೊಂದರೆಯಿಲ್ಲ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳಿಗೆ ಈ ಗೊಡವೆಯಿಲ್ಲ, ಮುಂದೆ ಮಿರರ್‌ಲೆಸ್ಸಿಗೆ ಹೋದರೂ ಅಡಾಪ್ಟರ್ ಹಾಕಿ ಬಳಸಬಹುದು. ಇದೇ ಕಾರಣಕ್ಕೆ, ಇವತ್ತು ಹಳೆಯದು ಕೊಂಡು ನಾಳೆ ಹೊಸದಕ್ಕೆ ಏರುವ ಯೋಚನೆಯಿದ್ದವರಿಗೆ ಕ್ಯಾನನ್ ದಾರಿ ಸಲೀಸು.

ಹೊಸದಿರಲಿ, ಹಳೆಯದಿರಲಿ, ಕೈಯಲ್ಲಿ ಹಿಡಿಯದೆ ಕೊಳ್ಳಬಾರದು. ಆನ್‌ಲೈನಿನಲ್ಲಿ ಎರಡು ಸಾವಿರ ಕಡಿಮೆ ಇದೆಯೆಂದು ಆರ್ಡರ್ ಮಾಡಿದವರು ಹಿಡಿ ಚಿಕ್ಕದಾಯಿತೆಂದು, ಕನ್ನಡಕ ಹಾಕಿಕೊಂಡರೆ ವ್ಯೂಫೈಂಡರಿನ ಅಂಚು ಕಾಣುವುದಿಲ್ಲವೆಂದು ಆಮೇಲೆ ಪೇಚಾಡುತ್ತಾರೆ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಲಿ, ವ್ಯೂಫೈಂಡರ್ ಪಕ್ಕದ ಸಣ್ಣ ಗಾಲಿ ತಿರುಗಿಸಿ ಕಣ್ಣಿಗೆ ಹೊಂದಿಸಿಕೊಳ್ಳಲಿ. ಬಿಲ್ಲಿನಲ್ಲಿ ಬಾಡಿ ಮತ್ತು ಲೆನ್ಸ್ ಎರಡರ ಸೀರಿಯಲ್ ನಂಬರ್ ಇರಲಿ, ಪೆಟ್ಟಿಗೆಯ ಮೇಲಿನದಕ್ಕೂ ಅದಕ್ಕೂ ತಾಳೆ ನೋಡಲಿ. ವಾರಂಟಿ ಕಾರ್ಡ್ ಭಾರತದ್ದೇ ಆಗಿರಬೇಕು. ಹೊರದೇಶದಿಂದ ಬಂದ ಪೆಟ್ಟಿಗೆ ಅಗ್ಗವಾದರೂ ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರಿನವರು ಉಚಿತವಾಗಿ ಮುಟ್ಟುವುದಿಲ್ಲ.

ಕೊಂಡ ಮೇಲೆ ಮೊದಲ ಎರಡು ತಿಂಗಳು ಇನ್ನೇನನ್ನೂ ಕೊಳ್ಳದೆ ಕಿಟ್ ಲೆನ್ಸಿನಲ್ಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆಯಬೇಕು. ಜೆಪಿಜಿಯ ಜೊತೆ ರಾ ಫೈಲನ್ನೂ ಉಳಿಸುವಂತೆ ಹೊಂದಿಸಿಕೊಂಡರೆ, ಸುಟ್ಟ ಬಿಳಿ ಧೋತರ, ಕಪ್ಪಾದ ಕಣ್ಣುಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದಿಷ್ಟು ಮರಳಿ ತರಬಹುದು. ಎರಡು ತಿಂಗಳಾದ ಮೇಲೆ ಚೆನ್ನಾಗಿ ಬಂದ ನೂರು ಚಿತ್ರಗಳನ್ನು ಆರಿಸಿ ಅವುಗಳ ಎಕ್ಸಿಫ್ ಮಾಹಿತಿ ತೆರೆದು ನೋಡಬೇಕು. ಪ್ರತಿ ಚಿತ್ರವನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದೆಂದು ಅಲ್ಲಿರುತ್ತದೆ. ಹೆಚ್ಚಿನವು 55ಕ್ಕೆ ತಾಗಿ ನಿಂತಿದ್ದರೆ ಮುಂದಿನ ದುಡ್ಡು 55–250ಕ್ಕೆ ಅಥವಾ 100–400ಕ್ಕೆ. 18ರಲ್ಲೇ ಇದ್ದರೆ ಇನ್ನೂ ಅಗಲದ 10–18ರಂಥದ್ದಕ್ಕೆ. 30–35ರ ಸುತ್ತ ಗುಂಪುಗೂಡಿ, ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 3200ರ ಮೇಲೇ ಇದ್ದರೆ ಆ ಮನುಷ್ಯ ಸಂಜೆಯ, ಮನೆಯೊಳಗಿನ ಛಾಯಾಗ್ರಾಹಕ. ಅವರಿಗೆ ಬೇಕಾದದ್ದು 35 ಮಿ.ಮೀ. ಎಫ್ 1.8.